ಎಸ್ಟೋನಿಯಾದಲ್ಲಿ ಬಲಿತ ಬೆಲ್ಲದ ನೀರು

ಬೆಂಗಳೂರು ವಿಮಾನ ನಿಲ್ದಾಣ

ತಪಾಸಣೆಯ ಹುಡುಗಿ ಹುಲಿಗೆವ್ವನ ಕೈಚೀಲದಿಂದ ಒಂದು ಕಟ್ಟಿಗೆಯನ್ನು ಹೊರತೆಗೆದು ತಿರುಗಿಸಿ ತಿರುಗಿಸಿ ನೋಡಿದಳು. ಮೊಳದುದ್ದದ ಕಟ್ಟಿಗೆ, ಒಂದು ಮಗ್ಗುಲು ಚಪ್ಪಟೆ, ತುದಿಗೆ ಕೈ ತಾಗಿ ತಾಗಿ ನುಣುಪಾದ ಹಿಡಿಕೆ.

"ಏನಮ್ಮ ಇದು?"

"ಬಡಿಗಿ."

"ಯಾರನ್ನ ಬಡಿಯೋಕೆ?"

"ಮಂದೀನ್ನಲ್ಲವ್ವಾ, ಮಾಳಿಗಿ ಬಡಿಯಾಕ."

ಹುಡುಗಿ ಮೇಲಿನವರನ್ನು ಕರೆದಳು. ಮೇಲಿನವರು ಇನ್ನೂ ಮೇಲಿನವರನ್ನು ಕರೆದರು. ನಾನು ಮಧ್ಯೆ ಬಾಯಿ ಹಾಕಿ, ಇದು ಸುಣ್ಣದ ಗಚ್ಚು ಬಡಿಯುವ ಸಾಧನ, ನಾವು ಸಂಶೋಧನೆಯ ಕೆಲಸಕ್ಕೆ ಹೊರಟಿದ್ದೇವೆ ಎಂದು ಶುರುಮಾಡಿದೆ. ಇಪ್ಪತ್ತಾರು ವರ್ಷ ಪಾಠ ಹೇಳಿದ ಬಾಯಿ, ಬೇಗ ನಿಲ್ಲುವುದಿಲ್ಲ. ಹಿಂದಿನ ಸಾಲಿನವರು ಗೊಣಗತೊಡಗಿದರು. ಕೊನೆಗೆ ಅದನ್ನು ದೊಡ್ಡ ಸಾಮಾನಿನ ಜೊತೆ ಕಳಿಸಿ ಎಂದರು. ನಾವಿಬ್ಬರೂ ವಾಪಸ್ ಓಡಿದೆವು. ಅರವತ್ತು ದಾಟಿದ ಹುಲಿಗೆವ್ವ ಚಪ್ಪಲಿ ಕೈಯಲ್ಲಿ ಹಿಡಿದು ನನಗಿಂತ ಮುಂದೆ ಓಡುತ್ತಿದ್ದಳು.

ನಾವ್ಯಾರು ಎಂದು ಹೇಳಬೇಕು. ನಾನು ಗಿರಿಜಾ, ಹೊಸಪೇಟೆಯ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಸಂಜೆ ಹೊತ್ತು ಹಂಪಿಗೆ ಕೆಲಸದ ಮೇಲೆ ಬರುವ ಪರದೇಶದವರಿಗೆ ಮಾತಾಡುವ ಕನ್ನಡ ಹೇಳಿಕೊಡುತ್ತೇನೆ. ಹುಟ್ಟಿದ್ದು ಕಂಪ್ಲಿಯ ರೈಸ್ ಮಿಲ್ಲಿನ ಮನೆಯಲ್ಲಿ. ನಾನು ಎಂಟು ವರ್ಷದವಳಿದ್ದಾಗ ನಮ್ಮ ಮಿಲ್ಲಿನ ಮಾಳಿಗೆಗೆ ಗಚ್ಚು ಹಾಕಿಸಿದರು. ಹತ್ತಿರದ ಮೆಟ್ರಿ ಎಂಬ ಹಳ್ಳಿಯಿಂದ ಬಂದ ಹನ್ನೆರಡು ಹೆಂಗಸರು ಎರಡು ಸಾಲಾಗಿ ಕುಳಿತು, ಹಾಡು ಹೇಳುತ್ತ, ಆರು ದಿನ ಬಡಿದರು. ಅದರಲ್ಲಿ ಎಲ್ಲರಿಗಿಂತ ಚಿಕ್ಕವಳು ಹುಲಿಗೆವ್ವ. ಆ ಮಾಳಿಗೆ ಇವತ್ತಿಗೂ ಸೋರಿಲ್ಲ. ಆಮೇಲೆ ಸಿಮೆಂಟು ಬಂತು, ಬಡಿಗೆಗಳು ಅಟ್ಟ ಸೇರಿದವು. ಹುಲಿಗೆವ್ವ ಸಂಡೂರಿನ ಗಣಿಗೆ ಅದಿರು ಆರಿಸಲು ಹೋದಳು.

ಹಂಪಿಯ ಗೋಡೆಗಳ ಗಾರೆ ನೋಡಲು ಎಸ್ಟೋನಿಯಾದಿಂದ ಬಂದಿದ್ದ ಮಾರ್ತಿನ್ ಎಂಬ ಹುಡುಗ ನನ್ನ ಶಿಷ್ಯನಾದ. ಕಟ್ಟಡ ಸಾಮಗ್ರಿಗಳ ಎಂಜಿನಿಯರ್. ಅವನನ್ನು ಒಮ್ಮೆ ನಮ್ಮ ಮಿಲ್ಲಿನ ಮಾಳಿಗೆ ಹತ್ತಿಸಿದೆ, ಇಳಿಯಲೇ ಒಲ್ಲೆ ಎಂದ. ಸುಣ್ಣಕ್ಕೆ ಬೆರೆಸುವ ನೀರಿನ ವಿಷಯ ಕೇಳಿದ ಮೇಲಂತೂ ಅವನಿಗೆ ಹುಚ್ಚೇ ಹಿಡಿಯಿತು. ಬೆಲ್ಲವನ್ನೂ ಜಜ್ಜಿದ ಅಳಲೆಕಾಯಿಯನ್ನೂ ಮಡಕೆಯ ನೀರಿಗೆ ಹಾಕಿ ಹುಳಿ ಬರಿಸುತ್ತಾರೆ. ಆ ನೀರನ್ನು ಸುಣ್ಣಕ್ಕೆ ಕಲಸಿ, ಬಡಿಯುವಾಗಲೂ ಮೇಲೆ ಚಿಮುಕಿಸುತ್ತಾರೆ. ಅದೇ ಗಚ್ಚಿನ ಗುಟ್ಟು. ಮಾರ್ತಿನ್ ಊರಿಗೆ ಮರಳಿ ಟೀನಾ ಎಂಬ ಜೀವರಸಾಯನ ವಿಜ್ಞಾನಿಯನ್ನು ಜೊತೆಗೆ ಹಾಕಿಕೊಂಡು ಸಂಶೋಧನೆ ಶುರುಮಾಡಿದ. ಗಚ್ಚು ಅವನದು, ನೀರು ಟೀನಾರದು, ಮಾತು ನನ್ನದು. ಕೆಲಸಗಾರರ ಮಾತನ್ನು ಸಂಶೋಧಕರಿಗೆ ಕಲಿಸುವ ಒಂದು ಪಾಠಪುಸ್ತಕ ನನ್ನ ಪಾಲಿಗೆ ಬಂದಿತ್ತು. ಹುಲಿಗೆವ್ವನನ್ನೂ ನನ್ನನ್ನೂ ಇಪ್ಪತ್ತು ದಿನಕ್ಕೆ ಕರೆಸಿಕೊಂಡರು.

ವಿಮಾನದಲ್ಲಿ ಬೆಲ್ಟು ಕಟ್ಟಿಸಿಕೊಂಡ ಮೇಲೆ ಹುಲಿಗೆವ್ವ ಹೇಳಿದಳು. "ಒಬ್ಬ ಎಂಜಿನೇರು ನಮ್ಮೂರಿಗೆ ಬಂದು, ಬೆಲ್ಲದ ನೀರು ಹಾಕೋದು ಹಳೇ ಮಂದಿ ಹುಚ್ಚು ಅಂದಿದ್ದ ನೋಡ್ರಿ. ಅವತ್ತಿನಿಂದ ಹೊಟ್ಟ್ಯಾಗ ಕುಂತೈತಿ. ಹುಚ್ಚೋ ಖರೇನೋ, ಯಾರರ ಒಮ್ಮಿ ಸರಿಯಾಗಿ ನೋಡ್ಲಿ."

ಆಕೆ ಹೊರಟದ್ದು ಅದೊಂದಕ್ಕೆ.

ತಾಲಿನ್‌ನಿಂದ ಬಸ್ಸು

ರಾಜಧಾನಿ ತಾಲಿನ್‌ನಿಂದ ಯೂನಿವರ್ಸಿಟಿಯ ಊರಿಗೆ ಬಸ್ಸಿನಲ್ಲಿ ಹೋಗಬೇಕು. ಏಪ್ರಿಲ್ ಬಂದಿದ್ದರೂ ಗಿಡಗಳ ಬುಡದಲ್ಲಿ ಹಿಮ ಕೊಳಕಾಗಿ ಉಳಿದಿತ್ತು. ಬಸ್ಸಿನೊಳಗೆ ಒಬ್ಬರೂ ಮಾತಾಡಲಿಲ್ಲ. ಒಬ್ಬೊಬ್ಬರು ಒಂದೊಂದು ಜೋಡಿ ಸೀಟು ಹಿಡಿದು ಕಿಟಕಿಯತ್ತ ಮುಖ ಮಾಡಿ ಕೂತಿದ್ದರು. ಕಂಪ್ಲಿ ಬಸ್ಸಿನಲ್ಲಿ ಇಷ್ಟು ಮೌನ ಇದ್ದರೆ ಕಂಡಕ್ಟರ್ ಗಾಬರಿಯಾಗುತ್ತಿದ್ದ.

ಹುಲಿಗೆವ್ವ ಅರ್ಧ ಖಾಲಿ ಬಸ್ಸಿನಲ್ಲಿ ನೇರವಾಗಿ ಒಬ್ಬ ಹೆಂಗಸಿನ ಪಕ್ಕ ಹೋಗಿ ಕೂತಳು. ಆ ಹೆಂಗಸು ಬೆಚ್ಚಿಬಿದ್ದು ಕಿಟಕಿಗೆ ಅಂಟಿಕೊಂಡಳು. ನಮ್ಮನ್ನು ಕರೆದೊಯ್ಯಲು ತಾಲಿನ್‌ಗೇ ಬಂದಿದ್ದ ಮಾರ್ತಿನ್ ನನ್ನ ಕಿವಿಯಲ್ಲಿ, "ಮೇಡಂ, ಇಲ್ಲಿ ಜಾಗ ಇದ್ದರೆ ಯಾರೂ ಯಾರ ಪಕ್ಕವೂ ಆಸೀನರಾಗುವುದಿಲ್ಲ" ಎಂದ. ಅವನ ಕನ್ನಡ ಅರ್ಧ ನನ್ನ ಪಾಠ, ಅರ್ಧ ಹೊಸಪೇಟೆ ಬಸ್ ಸ್ಟ್ಯಾಂಡು.

"ಒಬ್ಬಾಕಿನ ಕುಂತಾಳ್ರಿ ಪಾಪ," ಎಂದಳು ಹುಲಿಗೆವ್ವ. ಚೀಲ ಬಿಚ್ಚಿ ಒಂದು ಶೇಂಗಾ ಉಂಡೆ ಕೊಟ್ಟಳು. ಹೆಂಗಸು ಉಂಡೆಯನ್ನು ನೋಡಿದಳು, ಹುಲಿಗೆವ್ವನನ್ನು ನೋಡಿದಳು, ತಿಂದಳು. ಇಳಿಯುವ ಊರು ಬಂದಾಗ ತನ್ನ ಉಣ್ಣೆಯ ಕೈಗವಸನ್ನು ಬಿಚ್ಚಿ ಹುಲಿಗೆವ್ವನ ತೊಡೆಯ ಮೇಲಿಟ್ಟು ಇಳಿದುಹೋದಳು. ನಮ್ಮವಳು ಅಲ್ಲಿದ್ದಷ್ಟು ದಿನ ಅದನ್ನು ತೆಗೆದದ್ದೇ ಕಡಿಮೆ, ರೊಟ್ಟಿ ತಟ್ಟುವಾಗಲೋ ಗಚ್ಚು ಮುಟ್ಟುವಾಗಲೋ ಬಿಚ್ಚುತ್ತಿದ್ದಳು.

ಅಲ್ಲಿಯವರೂ ಬಾಗಿಲಲ್ಲೇ ಪಾದರಕ್ಷೆ ಬಿಡುತ್ತಾರೆ. ಅದು ಆಕೆಗೆ ಬಹಳ ಹಿಡಿಸಿತು. ಗುಡ್ಡಗಳಿಲ್ಲದ್ದು ಮಾತ್ರ ಹಿಡಿಸಲಿಲ್ಲ. ದೇಶವೆಲ್ಲ ಸಪಾಟು. ಮಾರ್ತಿನ್ ಅಭಿಮಾನದಿಂದ ಒಂದು ದಿಬ್ಬ ತೋರಿಸಿ ಇದು ನಮ್ಮ ಬೆಟ್ಟ ಎಂದಾಗ, "ಸಂಡೂರಾಗ ಮೈನ್ಸಿನೋರು ಒಗದ ಮಣ್ಣಿನ ಗುಡ್ಡಿ ಇದಕ್ಕಿಂತ ದೊಡ್ಡದೈತಿ ಬಿಡಪ್ಪ" ಎಂದಳು. ಗಡಬಡಿಸಿ ಆಡಿದ ಆ ಮಾತು ಅವನಿಗೆ ಅರ್ಥವಾಗದಿದ್ದದ್ದು ಒಳ್ಳೆಯದಾಯಿತು.

ಪ್ರಯೋಗಾಲಯದ ಕಪಾಟು

ಮರುದಿನ ಪ್ರಯೋಗಾಲಯಕ್ಕೆ ಹೋದೆವು. ಟೀನಾ ಐವತ್ತರ ಆಸುಪಾಸಿನವರು, ಎತ್ತರದ ಹೆಂಗಸು. ಮಾತು ಕಡಿಮೆ, ಇಂಗ್ಲಿಷ್ ಇನ್ನೂ ಕಡಿಮೆ. ಕಣ್ಣಿಗೆ ಕಾಣದಷ್ಟು ಪುಡಿಯನ್ನೂ ತೂಗಿ ಬರೆದಿಡುವವರು. ಕೈಕುಲುಕಿ ನೇರವಾಗಿ ಒಂದು ಕಪಾಟು ತೆರೆದರು.

ಒಳಗೆ ಸಾಲಾಗಿ ಗಚ್ಚಿನ ಇಟ್ಟಿಗೆಗಳಿದ್ದವು. ಚಳಿಗಾಲವಿಡೀ ಮಾಡಿದ್ದು. ಹುಲಿಗೆವ್ವ ಒಂದನ್ನು ಎತ್ತಿ ಹೆಬ್ಬೆರಳಲ್ಲಿ ಒತ್ತಿದಳು. ಮೂಲೆ ಪುಡಿಪುಡಿಯಾಗಿ ಉದುರಿತು. ಇನ್ನೊಂದು ಎತ್ತಿದಳು, ಅದೂ ಹಾಗೇ.

"ಬೆಲ್ಲದ ನೀರು ಹಾಕದ ಇಟ್ಟಿಗೆಗಳೇ ಇವುಗಳಿಗಿಂತ ಗಟ್ಟಿ," ಎಂದ ಮಾರ್ತಿನ್ ಸಣ್ಣ ದನಿಯಲ್ಲಿ. "ಎರಡು ವಾರದ ನಂತರ ಶುಕ್ರವಾರ ನಮ್ಮ ಸಂಶೋಧನೆಯನ್ನು ಪರಿಶೀಲಿಸುವ ಸಮಿತಿ ಸೇರುತ್ತದೆ. ನೀರಿನ ಭಾಗವನ್ನು ಕೈಬಿಡಿ ಅಂತಾರೆ. ಹುಲಿಗೆಮ್ಮನವರ ಕೈಯಲ್ಲೇ ಒಮ್ಮೆ ಮಾಡಿಸೋಣ ಎಂದು ನಾನು ಕೇಳಿಕೊಂಡೆ."

ಕಪಾಟಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ಇಂಗ್ಲಿಷಿನಲ್ಲಿ ಬರೆದಿತ್ತು: ನೀರು ಇಡುವ ಕಾಲ, ಮೂರು ದಿನ. ಹೇಳಿದವರು, ಹುಲಿಗೆಮ್ಮ, ಮೆಟ್ರಿ.

ಆ ಮೂರು ಹುಲಿಗೆವ್ವ ಹೇಳಿದ್ದಲ್ಲ, ನಾನು ಬರೆದದ್ದು.

ಹೋದ ವರ್ಷ ಮಾರ್ತಿನ್ ಕಂಪ್ಯೂಟರಿನಲ್ಲಿ ಒಂದು ಪ್ರಶ್ನಾವಳಿ ಕಳಿಸಿದ್ದ. ನೀರನ್ನು ಎಷ್ಟು ದಿನ ಇಡುತ್ತಾರೆ ಎಂಬುದು ಅದರಲ್ಲೊಂದು ಪ್ರಶ್ನೆ. ನಾನು ಹುಲಿಗೆವ್ವನಿಗೆ ಫೋನ್ ಮಾಡಿದ್ದೆ. "ಬಲಿಯೋ ತನಕ ಇಡಬೇಕ್ರಿ" ಎಂದಿದ್ದಳು. ಹಾಗೇ ಬರೆದೆ, ಕಂಪ್ಯೂಟರು ಒಪ್ಪಲಿಲ್ಲ. ಈ ಖಾನೆಯಲ್ಲಿ ಸಂಖ್ಯೆಯೇ ಬೇಕು ಎಂದು ಕೆಂಪಕ್ಷರದಲ್ಲಿ ಹಟ ಹಿಡಿಯಿತು. ಮೇಜಿನ ಮೇಲೆ ಮೌಲ್ಯಮಾಪನದ ಉತ್ತರಪತ್ರಿಕೆಗಳ ಕಟ್ಟು ಕಾಯುತ್ತಿತ್ತು. ಆದರೆ ಅವಸರವಷ್ಟೇ ಕಾರಣ ಎಂದರೆ ಸುಳ್ಳಾಗುತ್ತದೆ. ನಮ್ಮವರಿಗೆ ಲೆಕ್ಕ ಗೊತ್ತಿಲ್ಲ ಎಂದು ಪರದೇಶದವರು ಅಂದುಕೊಂಡಾರು ಎಂಬ ನಾಚಿಕೆ ನನಗಿತ್ತು. ಚಿಕ್ಕವಳಿದ್ದಾಗ ಮೇ ತಿಂಗಳ ಬಿಸಿಲಲ್ಲಿ ನಮ್ಮ ಮಿಲ್ಲಿನಲ್ಲಿ ಮೂರು ದಿನಕ್ಕೋ ಏನೋ ಮಡಕೆ ತೆರೆದ ಹಾಗೆ ನೆನಪು. ಮೂರು ಎಂದು ಒತ್ತಿದೆ, ಮರೆತೆ.

ಇಲ್ಲಿ ಅವರು ಆ ಮೂರನ್ನು ನಂಬಿ, ಕಿಟಕಿಯ ಪಕ್ಕದ ತಣ್ಣನೆಯ ಮೂಲೆಯಲ್ಲಿ ಗಾಜಿನ ಪಾತ್ರೆಗಳಿಟ್ಟು, ಇಡೀ ಚಳಿಗಾಲ ಕೆಲಸ ಮಾಡಿದ್ದರು.

ಮಡಕೆ ಇಟ್ಟ ನಾಲ್ಕನೆಯ ದಿನ

ಹುಲಿಗೆವ್ವ ಅಂದೇ ಗಾಜಿನ ಪಾತ್ರೆ ಒಲ್ಲೆ ಎಂದು ಒಂದು ಮಣ್ಣಿನ ಮಡಕೆ ತರಿಸಿದಳು. ಬೆಲ್ಲ, ಅಳಲೆಕಾಯಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಮಡಕೆಯನ್ನು ಕೋಣೆ ಬೆಚ್ಚಗಿಡುವ ಗೋಡೆಯ ಬಿಸಿ ಕೊಳವೆಯ ಪಕ್ಕಕ್ಕೆ ಸರಿಸಿ ತನ್ನ ಕಂಬಳಿ ಹೊದಿಸಿದಳು. ಥಂಡಿಯಲ್ಲಿ ಮೊಸರಿಗೆ ಹೆಪ್ಪು ಹಾಕಿದಾಗ ನಾವೂ ಹೀಗೇ ಮಾಡುತ್ತೇವೆ. ದಿನಾ ಬೆಳಿಗ್ಗೆ ಹೋಗಿ ಮೂಸುವುದು, ಇನ್ನೂ ಇಲ್ಲ ಎಂದು ತಲೆಯಾಡಿಸಿ ಮತ್ತೆ ಮುಚ್ಚುವುದು.

ಮೂರು ದಿನ ಕಳೆಯಿತು. ನಾಲ್ಕನೆಯ ದಿನ ಮಾರ್ತಿನ್‌ಗೆ ಪಾಠವಿತ್ತು, ನಾವು ಮೂವರೇ ಇದ್ದೆವು. ಟೀನಾ ಸುಣ್ಣ, ಮರಳು, ಇಟ್ಟಿಗೆ ಚೂರು ಎಲ್ಲ ತೂಗಿಟ್ಟುಕೊಂಡು, ಕಲಸೋಣವೇ ಎಂದು ಕೇಳಿದರು.

"ಏ, ಬ್ಯಾಡ್ರಿ! ಇನ್ನೂ ಕೂಸೈತಿ ಇದು. ಈಗ ಹಾಕಿದ್ರ ಎಲ್ಲಾ ಹಾಳು."

ಟೀನಾ ನನ್ನತ್ತ ತಿರುಗಿದರು. "ಮೂರು ದಿನ ಎಂದು ಅವರೇ ಹೇಳಿದ್ದರಲ್ಲವೇ?"

ಆಗಲೇ ನಿಜ ಹೇಳಬಹುದಿತ್ತು. ಎರಡು ಭಾಷೆಯ ನಡುವೆ ನಾನೊಬ್ಬಳೇ ನಿಂತಿದ್ದೆ, ಏನು ಹೇಳಿದರೂ ನಡೆಯುತ್ತಿತ್ತು. ಅದೇ ನನ್ನನ್ನು ಕೆಡಿಸಿತು. "ಇಲ್ಲಿನ ಹವೆ ಬೇರೆ, ಆದ್ದರಿಂದ ಇನ್ನೂ ಸ್ವಲ್ಪ ಬೇಕಂತೆ" ಎಂದೆ. ಟೀನಾ ಹುಬ್ಬು ಗಂಟಿಕ್ಕಿ ಏನೋ ಬರೆದುಕೊಂಡರು. ಅವರ ಮುಖ ನೋಡಿದರೆ, ಈ ಮುದುಕಿ ದಿನಕ್ಕೊಂದು ಮಾತು ಹೇಳುತ್ತಾಳೆ ಎಂದು ಅಂದುಕೊಂಡಂತಿತ್ತು.

"ಏನಂದ್ರಿ ಆಕಿ?" ಎಂದಳು ಹುಲಿಗೆವ್ವ.

"ಆಯ್ತು, ಕಾಯೋಣ ಅಂದ್ರು."

"ಶಾಣ್ಯಾಕಿ ಅದಾಳ," ಎಂದು ಆಕೆ ಮಡಕೆಗೆ ಮತ್ತೆ ಕಂಬಳಿ ಹೊದಿಸಿದಳು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆಯಿರಿ, ಕಥೆ ಕಟ್ಟಬೇಡಿ ಎಂದು ಬೈಯುತ್ತ ಬಂದವಳು ನಾನು.

ಟೀನಾರ ಅಡುಗೆಮನೆ

ಭಾನುವಾರ ಟೀನಾ ನಮ್ಮನ್ನೂ ಮಾರ್ತಿನ್‌ನನ್ನೂ ಮನೆಗೆ ಕರೆದರು. ಅವರ ನೆಲದ ಊಟ ಎಂದರೆ ಕಪ್ಪು ಬ್ರೆಡ್ಡು. ಹುಳಿ, ಗಟ್ಟಿ, ನಮ್ಮ ಜೋಳದ ರೊಟ್ಟಿಯ ಹಾಗೆ ಹೊಟ್ಟೆಯಲ್ಲಿ ನಿಲ್ಲುವಂಥದ್ದು. ನಮ್ಮೆದುರೇ ಮಾಡಿ ತೋರಿಸುತ್ತೇನೆ ಎಂದು ಟೀನಾ ಒಂದು ಜಾಡಿ ಹೊರತೆಗೆದರು. ಒಳಗೆ ಗುಳ್ಳೆ ಎದ್ದ ಬೂದು ಹಿಟ್ಟು. ಅವರ ಅಜ್ಜಿಯ ಕಾಲದಿಂದ ಬಂದದ್ದಂತೆ, ಪ್ರತಿ ಸಲ ಸ್ವಲ್ಪ ಉಳಿಸಿಕೊಂಡು ಮುಂದಿನ ಸಲಕ್ಕೆ ಬೆರೆಸುತ್ತಾರೆ.

ಹುಲಿಗೆವ್ವ ಬಗ್ಗಿ ಮೂಸಿದಳು. "ಅಯ್ಯ ಇದು ಹೆಪ್ಪು! ಗಿರಿಜವ್ವಾರ, ಇವರ ಮನ್ಯಾಗೂ ಹೆಪ್ಪೈತಿ ನೋಡ್ರಿ!"

ಟೀನಾ ಹಿಟ್ಟನ್ನು ಹಿಡಿಹಿಡಿಯಾಗಿ ಹಾಕಿದರು. ನೀರು ಕಣ್ಣಂದಾಜು. ತಕ್ಕಡಿ ಇಲ್ಲ, ಗಡಿಯಾರ ಇಲ್ಲ. ಪುಡಿಯನ್ನೂ ತೂಗಿ ಬರೆಯುವವರು ಇವರೇನಾ ಎಂದು ನನಗೆ ಅನುಮಾನ ಬಂತು.

"ಇದನ್ನು ಎಷ್ಟು ಗಂಟೆ ಇಡುತ್ತೀರಿ?" ಎಂದು ಕೇಳಿದೆ.

"ಆಗುವವರೆಗೆ," ಎಂದರು ಟೀನಾ. "ಚಳಿಗಾಲದಲ್ಲಿ ನಿಧಾನ, ಬೇಸಿಗೆಯಲ್ಲಿ ಬೇಗ. ಮೂಗಿಗೆ ಗೊತ್ತಾಗುತ್ತದೆ."

ಅಷ್ಟು ಹೇಳಿ ಕೈಯೊರೆಸಿಕೊಂಡರು, ನಾಚಿಕೆಯ ಸುಳಿವೂ ಇಲ್ಲದೆ. ಆ ಉತ್ತರವನ್ನೇ ಅಲ್ಲವೇ ಹುಲಿಗೆವ್ವ ನನಗೆ ಕೊಟ್ಟಿದ್ದು, ನಾನು ಅದನ್ನು ಅಳಿಸಿ ಮೂರು ಎಂದು ಬರೆದದ್ದು?

ಅಲ್ಲೇ ಹೇಳಿಬಿಟ್ಟೆ. ಇಂಗ್ಲಿಷಿನಲ್ಲಿ ಹೇಳಿದರೆ ಹುಲಿಗೆವ್ವನಿಗೆ ತಿಳಿಯುವುದಿಲ್ಲ, ಅವಳಿಗೇ ಮೊದಲು ತಿಳಿಯಬೇಕಿತ್ತು. ಅದಕ್ಕೆ ಕನ್ನಡದಲ್ಲಿ ಹೇಳಿದೆ: ಫೋನು, ಖಾನೆ, ಮೂರು, ಮೊನ್ನೆ ಟೀನಾರಿಗೆ ಹೇಳಿದ ಎರಡನೆಯ ಸುಳ್ಳು, ಎಲ್ಲ. ಮಾರ್ತಿನ್ ಒಂದೊಂದೇ ವಾಕ್ಯ ಹಿಡಿದು ಟೀನಾರಿಗೆ ಅವರ ಭಾಷೆಯಲ್ಲಿ ಹೇಳಿದ. ನನ್ನ ತಪ್ಪು ನನ್ನ ಶಿಷ್ಯನ ಬಾಯಿಂದ ಅರ್ಥವಾಗದ ಭಾಷೆಯಲ್ಲಿ ಹೊರಬರುವುದನ್ನು ಕೇಳುತ್ತ ಕೂತೆ. ಅವನು ಏನನ್ನೂ ಮೆದುಗೊಳಿಸಲಿಲ್ಲ ಎಂದು ಟೀನಾರ ಮುಖದಿಂದಲೇ ಗೊತ್ತಾಯಿತು.

ಹುಲಿಗೆವ್ವ ಹಿಟ್ಟಿನ ಜಾಡಿಗೆ ಮುಚ್ಚಳ ಹಾಕಿ ನನ್ನತ್ತ ತಿರುಗಿದಳು.

"ನಾ ಆಡದ ಮಾತು ನನ್ನ ಹೆಸರಿಗೆ ಬರದ್ರೇನ್ರಿ?"

"ತಪ್ಪಾತು ಹುಲಿಗೆವ್ವ. ನಿನಗ ಅವಮಾನ ಆಗಬಾರದು ಅಂತ..."

"ನನಗೇನು ಅವಮಾನ ಇತ್ರಿ? ದಿನ ಎಷ್ಟಂತ ಹೇಳಾಕ ಬರಂಗಿಲ್ಲ, ಬರಂಗಿಲ್ಲ. ಅವಮಾನ ಇದ್ದದ್ದು ನಿಮಗ. ಆ ಎಂಜಿನೇರು ಹೊರಗಿನಾಂವ, ಹುಚ್ಚು ಅಂದ, ಹೋದ. ನೀವು ನಮ್ಮೋರು."

ಹಿಂದಿರುಗುವಾಗ ಆಕೆ ನನ್ನನ್ನು ಬಿಟ್ಟು ಮಾರ್ತಿನ್ ಜೊತೆ ಮುಂದೆ ನಡೆದಳು. ಮುಂದೆ ನಾಲ್ಕು ದಿನ ನನ್ನೊಡನೆ ಮಾತಿಲ್ಲ. ಏನು ಬೇಕಾದರೂ "ಮಾರ್ತಿನಪ್ಪಾ" ಎಂದು ಅವನನ್ನೇ ಕೇಳುತ್ತಿದ್ದಳು. ಅವನು ನಾನು ಕಲಿಸಿದ ಕನ್ನಡದಲ್ಲಿ ಉತ್ತರಿಸುತ್ತಿದ್ದ, ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ. ಟೀನಾ ಮಾತ್ರ ಮಾರನೆಯ ದಿನ ಕಪಾಟಿನ ಚೀಟಿಯನ್ನು ಕಿತ್ತು ನನ್ನ ಕೈಗೆ ಕೊಟ್ಟರು. ನಾನೇ ಕೇಳಿಕೊಂಡು ಹುಲಿಗೆವ್ವನ ಹೆಸರು ಹೊಡೆದುಹಾಕಿ, ಮೂರು ದಿನ ಎಂಬುದರ ಮುಂದೆ ನನ್ನ ಹೆಸರು ಬರೆದು, ಮತ್ತೆ ಅಂಟಿಸಿದೆ.

ನೀರು ಬಲಿತ ದಿನ

ಮಡಕೆ ಇಟ್ಟು ಹತ್ತು ದಿನವಾಗಿತ್ತು. ಬೆಳಿಗ್ಗೆ ಕಂಬಳಿ ಸರಿಸಿದ ಹುಲಿಗೆವ್ವ ತಲೆಯಾಡಿಸಲಿಲ್ಲ. ತಿರುಗಿ ನನ್ನನ್ನೇ ಕರೆದಳು.

"ಬರ್ರಿ ಇಲ್ಲಿ. ಕುಂದ್ರಿ. ಮೂಸ್ರಿ."

ಬಗ್ಗಿ ಮೂಸಿದೆ. ಮೂಗಿಗೆ ಝಲ್ಲೆಂದಿತು.

"ಹೆಂಗೈತಿ?"

"ಹುಳಿ ಹೆಂಡದಂಗ."

"ಮ್ಯಾಲ ಏನೈತಿ?"

"ನೊರಿ ಬಂದು ಇಳದೈತಿ."

"ಬಣ್ಣ?"

"ಹುಣಸೀಹಣ್ಣು ಕಿವುಚಿದ ನೀರಿನಂಗ."

"ಹಾಂ. ಈಗ ಬರೀರಿ. ನೀವ ಮೂಸಿರಿ, ನೀವ ನೋಡಿರಿ, ಇನ್ನ ಬರದ್ರ ತಪ್ಪಿಲ್ಲ."

ಕಣ್ಣು ತುಂಬಿ ಬಂತು, ಹೆಂಡದ ವಾಸನೆಗೆ ಎಂದು ನಟಿಸಿದೆ. ಆಕೆ ನಂಬಲಿಲ್ಲ, ಕೈಗವಸಿನಿಂದಲೇ ನನ್ನ ಬೆನ್ನಿಗೊಂದು ಗುದ್ದಿದಳು. ಟೀನಾ ಒಂದು ಹನಿ ನೀರನ್ನು ತಮ್ಮ ಯಂತ್ರಕ್ಕೆ ಕೊಟ್ಟು ಬಂದು, ಗಾಜಿನ ಪಾತ್ರೆಯ ಮೂರು ದಿನದ ನೀರಿನಲ್ಲಿ ಕಾಣದಿದ್ದದ್ದು ಇದರಲ್ಲಿ ಎಷ್ಟೋ ಇದೆ ಎಂದರು. ಅಷ್ಟು ಉದ್ದದ ವಾಕ್ಯವನ್ನು ಅವರು ಆಡಿದ್ದು ಅದೇ ಮೊದಲು.

ಕಲಸಿದೆವು. ಮಂಚದಗಲದ ಚೌಕಟ್ಟಿನಲ್ಲಿ ಗಚ್ಚು ಹರಡಿದೆವು. ಹುಲಿಗೆವ್ವನ ಬಡಿಗೆಯನ್ನು ನೋಡಿ ಅಲ್ಲಿಯ ಬಡಗಿಯೊಬ್ಬ ಬರ್ಚ್ ಮರದಲ್ಲಿ ಇನ್ನೂ ಮೂರು ಮಾಡಿಕೊಟ್ಟಿದ್ದ. ನಾಲ್ವರೂ ಸಾಲಾಗಿ ಕುಕ್ಕರುಗಾಲಲ್ಲಿ ಕೂತೆವು. ಮಾರ್ತಿನ್‌ನ ಉದ್ದ ಕಾಲುಗಳು ಎಲ್ಲಿ ಮಡಚಿದರೂ ಹೊರಗೆ ಬರುತ್ತಿದ್ದವು. ಹುಲಿಗೆವ್ವ ಹಾಡು ಎತ್ತಿದಳು. ಹಾಡಿಲ್ಲದಿದ್ದರೆ ಕೈಗಳು ಒಟ್ಟಿಗೆ ಬೀಳುವುದಿಲ್ಲ. ಬಾಗಿಲಿನ ಗಾಜಿಗೆ ಮುಖ ಹಚ್ಚಿ ವಿದ್ಯಾರ್ಥಿಗಳು ನಿಂತರು. ಆ ಮೌನದ ದೇಶದಲ್ಲಿ ಅಷ್ಟು ಗದ್ದಲ ಬಹುಶಃ ಅವರು ಕೇಳಿರಲಿಲ್ಲ.

ಮೊದಲ ದಿನ ಸದ್ದು ಒದ್ದೆ ಚಾಪೆಯನ್ನು ಬಡಿದ ಹಾಗಿತ್ತು. ಎರಡನೆಯ ದಿನ ನನ್ನ ತೋಳು ಮೇಲೇಳಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಸದ್ದು ತೆಳ್ಳಗಾಗುತ್ತ ಬಂತು, ಬಡಿಗೆ ತಾನಾಗಿ ಎಗರಿ ಮೇಲೆ ಬರತೊಡಗಿತು. ಗಚ್ಚು ಆಯಿತೋ ಇಲ್ಲವೋ ಎಂಬುದನ್ನು ಆ ಸದ್ದಿನಿಂದಲೇ ತಿಳಿಯಬೇಕು.

ಟೀನಾ ನನ್ನಿಂದ ಕಲಿತ ಎರಡು ಪದಗಳಲ್ಲಿ ಒಂದನ್ನು ಹುಲಿಗೆವ್ವನ ಕಡೆ ಎಸೆದರು. "ಆಯ್ತಾ?"

ಹುಲಿಗೆವ್ವ ತನ್ನ ಹಳೆಯ ಬಡಿಗೆಯನ್ನು ಅವರ ಕೈಗಿಟ್ಟಳು. "ನೀನ ಕೇಳಿ ಹೇಳವ್ವಾ."

ಟೀನಾ ಕಣ್ಣು ಮುಚ್ಚಿಕೊಂಡು ಅಡ್ಡಡ್ಡಲಾಗಿ ಬಡಿಯುತ್ತ ಹೋದರು. ಎಡಮೂಲೆಗೆ ಬಂದು ನಿಂತರು. ಮತ್ತೆ ಬಡಿದರು. "ಇಲ್ಲ" ಎಂದರು, ಕನ್ನಡದಲ್ಲೇ.

ಹುಲಿಗೆವ್ವ ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. "ಖರೇ ಐತಿ! ಆ ಮೂಲಿ ಇನ್ನೂ ಆಗಿಲ್ಲ. ಕಿವಿ ಬಂತು ನೋಡ್ರಿ ಈಕಿಗೆ!" ಎಂದು ಆ ಮೂಲೆಗೆ ಎಲ್ಲರನ್ನೂ ಎಬ್ಬಿಸಿ ಕೂರಿಸಿದಳು. ಸಂಜೆಯವರೆಗೆ ಅದೊಂದನ್ನೇ ಬಡಿದೆವು.

ಶುಕ್ರವಾರ ಸಮಿತಿಯವರು ಬಂದರು. ಉಗುರಲ್ಲಿ ಕೆರೆದರು, ಮೊಳೆಯಲ್ಲಿ ಗೀರಿದರು. ಪುಡಿ ಉದುರಲಿಲ್ಲ. ಗಚ್ಚು ಪೂರ್ತಿ ಗಟ್ಟಿಯಾಗಲು ತಿಂಗಳುಗಳು ಬೇಕು, ಈಗಲೇ ಏನೂ ಹೇಳಲಾಗದು ಎಂದರು. ನೀರು ಎಷ್ಟು ದಿನ ಇಟ್ಟಿರಿ ಎಂದು ಕೇಳಿದಾಗ ಮಾರ್ತಿನ್ ಹುಲಿಗೆವ್ವ ನನ್ನಿಂದ ಬರೆಸಿದ ವಾಸನೆ, ನೊರೆ, ಬಣ್ಣಗಳ ವಿವರವನ್ನು ಮೊದಲು ಕನ್ನಡದಲ್ಲೇ ಓದಿದ, ಆಮೇಲೆ ಅವರ ಭಾಷೆಯಲ್ಲಿ ಹೇಳಿದ. ಅವರಲ್ಲೊಬ್ಬರು ಮುದುಕರು, ನಮ್ಮಮ್ಮ ಬ್ರೆಡ್ಡಿಗೆ ಹೀಗೇ ಹೇಳುತ್ತಿದ್ದಳು ಎಂದರಂತೆ. ನೀರಿನ ಭಾಗ ಇನ್ನೊಂದು ವರ್ಷ ಮುಂದುವರಿಯಲಿ ಎಂದಾಯಿತು.

ಹುಲಿಗೆವ್ವನಿಗೆ ಹೇಳಿದೆ. ಕೈಗವಸು ತೆಗೆದು, ಆ ಚೌಕದ ಮೇಲೆ ಅಂಗೈ ಊರಿ ಕೂತಳು. "ಸರಿಯಾಗಿ ನೋಡಿದ್ರಲ್ಲ, ಸಾಕು ಬಿಡ್ರಿ" ಎಂದಳು. ಹೊರಡುವಾಗ ಬಡಿಗೆಯನ್ನು ಟೀನಾರ ಮೇಜಿನ ಮೇಲೆ ಬಿಟ್ಟುಬಂದಳು.

ಹೊಸಪೇಟೆ

ಜೂನ್ ಕೊನೆಗೆ ಮಾರ್ತಿನ್‌ನಿಂದ ಹೊಸ ಪ್ರಶ್ನಾವಳಿ ಬಂತು. ಗಚ್ಚಿನ ಚೌಕ ಚೆನ್ನಾಗಿದೆ, ಟೀನಾ ದಿನಾ ಅದನ್ನು ಒಮ್ಮೆ ಬಡಿದು ಕೇಳುತ್ತಾರೆ ಎಂದು ಬರೆದಿದ್ದ. ಕೆಳಗೆ ಒಂದು ಪ್ರಶ್ನೆ: ಮಳೆಗಾಲದಲ್ಲಿ ನೀರು ಬಲಿತದ್ದು ಹೇಗೆ ತಿಳಿಯುತ್ತದೆ? ಖಾನೆ ಈ ಸಲ ದೊಡ್ಡದಿತ್ತು, ಸಂಖ್ಯೆಯನ್ನೂ ಕೇಳಿರಲಿಲ್ಲ.

ಬೆರಳು ಕೀಲಿಯ ಮೇಲೆ ಹೋಯಿತು. ಎರಡು ವಾಕ್ಯ ಬರೆಯುವಷ್ಟು ನನಗೆ ಗೊತ್ತಿದೆ ಎಂದು ಅನಿಸಿತ್ತು. ಬೆರಳು ಎತ್ತಿ ಹುಲಿಗೆವ್ವನಿಗೆ ಫೋನ್ ಮಾಡಿದೆ.

"ಫೋನಿನ್ಯಾಗ ಹೆಂಗ ಹೇಳಾಕ ಬರತೈತ್ರಿ? ಮಳಿ ಶುರುವಾಗೈತಿ, ಮಡಕಿ ಇಟ್ಟೀನಿ. ಜಲ್ದಿ ಬರ್ರಿ, ಮೂಸಿ ನೋಡಿ ಬರೀರಿ."

ಖಾನೆಯನ್ನು ಖಾಲಿ ಬಿಟ್ಟೆ. ಕೊಡೆ ತೆಗೆದುಕೊಂಡು ಕಂಪ್ಲಿ ಬಸ್ಸು ಹತ್ತಿದೆ. ಕಿಟಕಿಯ ಪಕ್ಕದ ಸೀಟು ಖಾಲಿ ಇತ್ತು, ಆದರೂ ಒಬ್ಬಳೇ ಕೂತಿದ್ದ ಒಬ್ಬ ಹೆಂಗಸಿನ ಪಕ್ಕ ಹೋಗಿ ಕೂತು, ಮೆಟ್ರಿಗೆ ಒಂದು ಟಿಕೆಟ್ ಕೇಳಿದೆ.